ನೆಲದ ಮಟ್ಟ ನೀರಿಗೆ ಗೊತ್ತು

ಕೋಣೆಯ ನಾಲ್ಕು ಗೋಡೆಗೂ ಸುತ್ತ ಒಂದು ಗೆರೆ ಎಳೆಯಲು ನನಗೂ ತಮ್ಮನಿಗೂ ಅರ್ಧ ದಿನ ಹಿಡಿಯಿತು. ಮಾಡಬೇಕಿದ್ದ ಕೆಲಸ ನೆಲದ್ದು. ಹಳೆಯ ಕಾಂಕ್ರೀಟ್ ನೆಲದ ಮೇಲೆ ಮರಳು, ಸಿಮೆಂಟಿನ ಗಾರೆ ಹಾಕಿ ಮಟ್ಟ ಮಾಡಬೇಕು, ಅಷ್ಟೇ. ಆದರೆ ಆ ಅರ್ಧ ದಿನ ನೆಲದ ತಂಟೆಗೇ ಹೋಗಲಿಲ್ಲ. ಕೈಯಲ್ಲಿದ್ದದ್ದು ಒಂದು ಉದ್ದನೆಯ ಪಾರದರ್ಶಕ ಪೈಪು, ಅದರೊಳಗೆ ನೀರು, ಒಂದು ಪೆನ್ಸಿಲ್. ಅವನು ಆ ಮೂಲೆ, ನಾನು ಈ ಮೂಲೆ.

“ಅಣ್ಣಾ, ನನ್ನ ಕಡೆ ನೀರು ಗುರುತಿಗಿಂತ ಕೆಳಗಿದೆ.”

“ಪೈಪ್ ಅಲ್ಲಾಡಿಸಬೇಡ ಕಣೋ. ನೀರು ನಿಲ್ಲಲಿ, ಆಮೇಲೆ ಹೇಳು.”

ನೀರು ಒಂದು ಸಲ ಏರುತ್ತದೆ, ಒಂದು ಸಲ ಇಳಿಯುತ್ತದೆ, ಹಾಗೇ ತೂಗಾಡಿ ತೂಗಾಡಿ ನಿಲ್ಲುತ್ತದೆ. ನಿಂತ ಮೇಲೆ ಎರಡೂ ತುದಿಯ ನೀರು ಒಂದೇ ಎತ್ತರದಲ್ಲಿರುತ್ತದೆ. ನಡುವೆ ಪೈಪು ನೆಲದ ಮೇಲೆ ಹೇಗೆ ಬೇಕಾದರೂ ಸುತ್ತಿಕೊಂಡು ಬಿದ್ದಿರಲಿ, ಬಾಗಿಲು ದಾಟಿ ಪಕ್ಕದ ಕೋಣೆಗೆ ಹೋಗಿರಲಿ, ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ.

ಈ ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಅನ್ನಿಸಿದ್ದು ಇದು: ನೆಲ ಹಾಕುವುದು ಮೊದಲಿಂದ ಕೊನೆಯವರೆಗೂ ನೀರಿನ ಕೆಲಸ. ಪೈಪಿನೊಳಗಿನ ನೀರು ಮಟ್ಟ ತೋರಿಸುತ್ತದೆ. ಗಾರೆಗೆ ಸೇರಿಸುವ ನೀರು ನೆಲ ಗಟ್ಟಿಯಾಗುತ್ತದೋ ಪುಡಿಯಾಗುತ್ತದೋ ಅನ್ನುವುದನ್ನು ತೀರ್ಮಾನಿಸುತ್ತದೆ. ಹಾಕಿದ ಮೇಲೆ ಆ ನೀರನ್ನು ಒಂದು ವಾರ ಹೊರಗೆ ಬಿಡದೆ ಹಿಡಿದಿಡಬೇಕು. ಆಮೇಲೆ ಅದು ತಾನಾಗಿ ಹೋಗುವವರೆಗೆ ಕಾಯುತ್ತಾ ಕೂರಬೇಕು. ಸಿಮೆಂಟ್, ಮರಳು, ಕರಣೆ ಎಲ್ಲದರ ಬಗ್ಗೆ ಓದಿಕೊಂಡು ಹೋಗಿದ್ದೆ. ನೀರಿನ ಬಗ್ಗೆ ಇಷ್ಟು ಯೋಚಿಸಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಮೊದಲ ಸುತ್ತು ತಪ್ಪಾಯಿತು. ಒಂದು ಮೂಲೆಯಲ್ಲಿ ಗುರುತು ಹಾಕಿ, ಅಲ್ಲಿಂದ ಎರಡನೇ ಮೂಲೆ, ಮೂರನೇ ಮೂಲೆ ಅಂತ ಸುತ್ತಿಕೊಂಡು ಹೊರಟ ಜಾಗಕ್ಕೇ ವಾಪಸ್ ಬಂದೆವು. ಮೊದಲ ಗುರುತಿಗೂ ಕೊನೆಯ ಗುರುತಿಗೂ 7 ಮಿ.ಮೀ. ವ್ಯತ್ಯಾಸ. ಪೈಪನ್ನು ಬೆಳಕಿಗೆ ಹಿಡಿದು ಗೇಣು ಗೇಣು ನೋಡುತ್ತಾ ಹೋದೆ. ಮಧ್ಯದಲ್ಲಿ ಒಂದು ಕಡೆ ಪೈಪಿನ ಅಗಲಕ್ಕೂ ತುಂಬಿಕೊಂಡು ಒಂದು ಗಾಳಿ ಗುಳ್ಳೆ ಕೂತಿತ್ತು. ನೀರನ್ನೆಲ್ಲ ಚೆಲ್ಲಿ, ಬಕೆಟ್ಟನ್ನು ಎತ್ತರದಲ್ಲಿಟ್ಟು, ಬಾಯಿಂದ ಎಳೆದು ನಿಧಾನವಾಗಿ ಮತ್ತೆ ತುಂಬಿಸಿದೆವು. ಎರಡನೇ ಸುತ್ತಿನಲ್ಲಿ ಗೆರೆ ಗೆರೆಗೆ ಕೂಡಿತು. ಹೊರಟಲ್ಲಿಗೇ ಬಂದು ನೋಡುವ ಈ ಅಭ್ಯಾಸ ಇಲ್ಲದಿದ್ದರೆ ಆ 7 ಮಿ.ಮೀ. ಸೀದಾ ನೆಲಕ್ಕೆ ಇಳಿದಿರುತ್ತಿತ್ತು. ಈಗ ಲೇಸರ್ ಮಟ್ಟ ಬಂದಿದೆ, ಅದಿದ್ದರೆ ಈ ಕೆಲಸ ಐದು ನಿಮಿಷದ್ದು. ಅದರಲ್ಲೂ ಸುತ್ತು ಹಾಕಿ ಮೊದಲ ಗುರುತಿಗೆ ಹೊಂದುತ್ತದಾ ಅಂತ ನೋಡುವುದು ಒಳ್ಳೆಯದು, ಯಾಕೆಂದರೆ ಒಮ್ಮೆ ಕೆಳಗೆ ಬಿದ್ದ ಲೇಸರ್ ಕೂಡ ಓರೆ ಗೆರೆಯನ್ನೇ ಅಷ್ಟೇ ಚೆನ್ನಾಗಿ ತೋರಿಸುತ್ತದೆ.

ರಸಮಟ್ಟ, ಅಂದರೆ ಗಾಜಿನ ನಳಿಕೆಯೊಳಗಿನ ಗುಳ್ಳೆ ನೋಡಿ ಮಟ್ಟ ತಿಳಿಯುವ ಪಟ್ಟಿ, ಅದನ್ನಿಟ್ಟು ಸುಮ್ನೆ ಮುಂದೆ ಮುಂದೆ ಸರಿಸಿಕೊಂಡು ಹೋದರೆ ಆಗಲ್ವಾ ಅಂತ ತಮ್ಮ ಕೇಳಿದ. ಲೆಕ್ಕ ಹಾಕಿ ನೋಡಿದೆವು. ನಮ್ಮ ರಸಮಟ್ಟ 60 ಸೆಂ.ಮೀ. ಉದ್ದದ್ದು. ಅದರ ಮೇಲೆ ಕಣ್ಣಿಗೆ ಕಾಣದಂಥ 1 ಮಿ.ಮೀ. ತಪ್ಪಾದರೂ, 4 ಮೀಟರ್ ಗೋಡೆಯ ಆ ತುದಿಗೆ ಹೋಗುವಷ್ಟರಲ್ಲಿ ಅದು ಹೆಚ್ಚುಕಡಿಮೆ 7 ಮಿ.ಮೀ. ಆಗುತ್ತದೆ. ಪೈಪಿನ ನೀರಿನಲ್ಲಿ ತಪ್ಪು ಹೀಗೆ ಬೆಳೆಯುವುದಿಲ್ಲ. ರಸಮಟ್ಟ ಬೇಕು, ಆದರೆ ಹತ್ತಿರದ ಎರಡು ಗುರುತುಗಳ ನಡುವೆ ಪರೀಕ್ಷೆ ಮಾಡಲು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಾವು ದಿನನಿತ್ಯದ ಮಾತಿನಲ್ಲಿ ಮಟ್ಟ ಅನ್ನುವುದು ಎರಡು ಬೇರೆ ಬೇರೆ ವಿಷಯ. ಒಂದು, ನೆಲ ಸಮತಟ್ಟಾಗಿರುವುದು, ಅಂದರೆ ಉಬ್ಬು ತಗ್ಗು ಇಲ್ಲದಿರುವುದು. ಇನ್ನೊಂದು, ನೆಲ ಯಾವ ಕಡೆಗೂ ವಾಲದಿರುವುದು. ಗಾಜಿನಷ್ಟು ಸಮತಟ್ಟಾದ ನೆಲವೂ ಒಂದು ಕಡೆಗೆ ವಾಲಿರಬಹುದು. ಒಟ್ಟಾರೆ ಮಟ್ಟಕ್ಕಿದ್ದು ನಡುನಡುವೆ ಅಲೆಯಲೆಯಾಗಿರುವ ನೆಲವೂ ಇರಬಹುದು. ಮಟ್ಟಗೋಲು, ಅಂದರೆ ಹಸಿ ಗಾರೆಯನ್ನು ಸವರುವ ಉದ್ದನೆಯ ನೇರ ಕೋಲು, ಅದನ್ನು ಎಳೆದರೆ ಸಮತಟ್ಟು ಸಿಗುತ್ತದೆ, ವಾಲುವುದು ತಪ್ಪುವುದು ಗೋಡೆಯ ಗೆರೆಯಿಂದ ಮಾತ್ರ. ನೆಲದ ಕೆಲಸದಲ್ಲಿ 2 ಮೀಟರ್ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲಿಟ್ಟು ಅದರ ಕೆಳಗೆ ಎಷ್ಟು ಸಂದು ಕಾಣುತ್ತದೆ ಅಂತ ಅಳೆಯುತ್ತಾರೆ. 3 ಮಿ.ಮೀ. ಒಳಗಿದ್ದರೆ ತುಂಬಾ ಒಳ್ಳೆಯ ನೆಲ, 5 ಮಿ.ಮೀ. ಸಾಧಾರಣ ಬಳಕೆಗೆ ಸಾಕು, 10 ಮಿ.ಮೀ. ಇದ್ದರೆ ಅದರ ಮೇಲೆ ಏನು ಹಾಸುತ್ತೀರಿ ಅಂತ ನೋಡಿ ಒಪ್ಪಬೇಕು. ದೊಡ್ಡ ಅಳತೆಯ ಟೈಲ್ಸ್ ಆದರೆ ಒಪ್ಪಲೇಬಾರದು.

ನಮ್ಮ ಕೋಣೆ 3 ಮೀಟರ್ ಅಗಲ, 4 ಮೀಟರ್ ಉದ್ದ. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ದೊಡ್ಡದು ಬೇಡ ಅನ್ನುತ್ತೇನೆ. ಒಂದೇ ದಿನದಲ್ಲಿ ಮುಗಿಯಬೇಕು, ಬಾಗಿಲು ಒಂದೇ ಇದ್ದರೆ ಇನ್ನೂ ಒಳ್ಳೆಯದು. ಗೆರೆಯಿಂದ ಕೆಳಕ್ಕೆ ಟೇಪ್ ಬಿಟ್ಟು, ಗೋಡೆಯಿಂದ ಗೋಡೆಗೆ ದಾರ ಕಟ್ಟಿ ನಡುವಿನ ಜಾಗವನ್ನೂ ಸೇರಿಸಿ, ಅಲ್ಲಲ್ಲಿ ಅಳೆದು ನೆಲದ ಮೇಲೇ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದೆವು. ಅಳತೆ ಕಡಿಮೆ ಬಂದಲ್ಲಿ ನೆಲ ಎತ್ತರ, ಜಾಸ್ತಿ ಬಂದಲ್ಲಿ ತಗ್ಗು. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಮೂಲೆಗೂ 12 ಮಿ.ಮೀ. ವ್ಯತ್ಯಾಸ ಬಂತು. ಎಷ್ಟೋ ವರ್ಷ ಆ ಕೋಣೆಯಲ್ಲಿ ಓಡಾಡಿದ್ದೇವೆ, ಕಾಲಿಗೆ ಒಂದು ದಿನವೂ ಗೊತ್ತಾಗಿರಲಿಲ್ಲ.

ಎತ್ತರದ ಜಾಗದಲ್ಲಿ 28 ಮಿ.ಮೀ. ದಪ್ಪ ಇಟ್ಟುಕೊಂಡೆವು. ಹಾಗಾದರೆ ತಗ್ಗಿನ ಮೂಲೆಯಲ್ಲಿ 40 ಆಗುತ್ತದೆ. ಈ ದಪ್ಪ ಬಾಯಿಗೆ ಬಂದಂತೆ ಹೇಳುವುದಲ್ಲ. ಗಾರೆ ಕೆಳಗಿನ ಕಾಂಕ್ರೀಟಿಗೆ ಪೂರ್ತಿ ಕಚ್ಚಿಕೊಳ್ಳುವ ಹಾಗೆ ಹಾಕುವುದಾದರೆ 25ರಿಂದ 40 ಮಿ.ಮೀ. ಸಾಕು, ಯಾಕೆಂದರೆ ಭಾರ ಹೊರುವುದು ಕೆಳಗಿನ ಕಾಂಕ್ರೀಟು. ಕೆಳಗಿನಿಂದ ತೇವ ಏರುವ ನೆಲವಾಗಿದ್ದು ನಡುವೆ ಪ್ಲಾಸ್ಟಿಕ್ ಹಾಳೆ ಹಾಸಬೇಕಾದರೆ ಆ ಕಚ್ಚು ಇರುವುದಿಲ್ಲ, ಗಾರೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಕಡಿಮೆ ಅಂದರೂ 50 ಮಿ.ಮೀ. ಬೇಕು. ಶಾಖ ತಡೆಯುವ ಮೆತ್ತನೆಯ ಹಾಳೆಗಳ ಮೇಲೆ ಹಾಕುವುದಾದರೆ ಮನೆಗಳಲ್ಲಿ 65. ಎಲ್ಲಕ್ಕಿಂತ ಕೆಟ್ಟದ್ದು ನಡುವಿನ ಸ್ಥಿತಿ: ತೆಳುವಾಗಿಯೂ ಇದೆ, ಕೆಳಗೆ ಸರಿಯಾಗಿ ಕಚ್ಚಿಕೊಂಡೂ ಇಲ್ಲ. ಅಂಥ ನೆಲ ಬಿರುಕು ಬಿಡುವುದು ಗ್ಯಾರಂಟಿ. ಅಂದಹಾಗೆ, ಬಾಗಿಲು ಮತ್ತು ಪಕ್ಕದ ಕೋಣೆಯ ನೆಲವನ್ನು ಈಗಲೇ ನೋಡಿಕೊಳ್ಳಿ. ಗಾರೆಯ ದಪ್ಪ, ಮೇಲೆ ಹಾಸುವುದರ ದಪ್ಪ ಎರಡೂ ಸೇರಿ ಬಾಗಿಲು ತಿರುಗುತ್ತದಾ ಅಂತ ಆಮೇಲೆ ನೋಡಿ ಉಪಯೋಗವಿಲ್ಲ.

ಕಚ್ಚಿಕೊಳ್ಳಬೇಕು ಅಂತ ಹೇಳಿದೆ ಅಲ್ವಾ, ಅದಕ್ಕೆ ಎರಡು ದಿನ ಬೆನ್ನು ಬಗ್ಗಿಸಿದೆವು. ಹಳೆ ಕಾಂಕ್ರೀಟಿನ ಮೇಲ್ಪದರದ ನುಣುಪನ್ನು ಉಳಿ, ಸುತ್ತಿಗೆ ಹಿಡಿದು ಒಡೆದು ಒರಟು ಮಾಡಬೇಕು, ಒಳಗಿನ ಜಲ್ಲಿಯ ಮುಖ ಕಾಣಬೇಕು. ಆಮೇಲೆ ಗುಡಿಸಬೇಕು, ಮತ್ತೆ ಗುಡಿಸಬೇಕು, ಒದ್ದೆ ಬಟ್ಟೆಯಲ್ಲಿ ಧೂಳು ತೆಗೆಯಬೇಕು. ಗಾರೆ ಧೂಳಿಗೆ ಅಂಟಿಕೊಂಡರೆ ನೆಲಕ್ಕೆ ಅಂಟಿಕೊಂಡಂತೆ ಆಗುವುದಿಲ್ಲ. ಹಿಂದಿನ ರಾತ್ರಿ ನೆಲಕ್ಕೆ ಚೆನ್ನಾಗಿ ನೀರು ಕುಡಿಸಿದೆವು. ಒಣಗಿದ ಕಾಂಕ್ರೀಟು ಹೊಸ ಗಾರೆಯೊಳಗಿನ ನೀರನ್ನು ಹೀರಿಬಿಡುತ್ತದೆ, ಆಗ ಬುಡದಲ್ಲಿರುವ ಸಿಮೆಂಟಿಗೆ ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ. ಬೆಳಿಗ್ಗೆ ನೋಡಿದಾಗ ನೆಲ ಕಪ್ಪಗೆ ತೇವವಾಗಿರಬೇಕು, ಎಲ್ಲೂ ನೀರು ನಿಂತಿರಬಾರದು.

ಮರಳಿನ ವಿಷಯದಲ್ಲಿ ನಾನು ಸ್ವಲ್ಪ ಹಠ ಹಿಡಿದೆ, ಅದಕ್ಕೆ ಈಗ ಖುಷಿಯಿದೆ. ಗೋಡೆಗೆ ಬಳಿಯುವ ಸಣ್ಣ ಮರಳು ನೆಲಕ್ಕೆ ಆಗುವುದಿಲ್ಲ. ಅದು ಕೈಗೆ ಹಿತವಾಗಿರುತ್ತದೆ, ಕರಣೆ ಚೆನ್ನಾಗಿ ಜಾರುತ್ತದೆ, ಆದರೆ ಕಾಳು ಸಣ್ಣದಾದಷ್ಟೂ ಜಾಸ್ತಿ ನೀರು ಕೇಳುತ್ತದೆ, ಒಣಗುವಾಗ ಜಾಸ್ತಿ ಕುಗ್ಗುತ್ತದೆ. ನೆಲಕ್ಕೆ ಬೇಕಾದದ್ದು ಒರಟು ಮರಳು, ಧೂಳಿನಿಂದ ಹಿಡಿದು 4 ಮಿ.ಮೀ.ವರೆಗಿನ ಕಾಳುಗಳು ಬೆರೆತಿರುವಂಥದ್ದು. ಬೆರಳ ನಡುವೆ ಉಜ್ಜಿದರೆ ಚುಚ್ಚಬೇಕು. ಮಣ್ಣು ಎಷ್ಟಿದೆ ಅಂತ ನೋಡಲು ಒಂದು ಗಾಜಿನ ಬಾಟಲಿ ಸಾಕು: ಅರ್ಧ ಮರಳು ಹಾಕಿ, ಒಂಚೂರು ಉಪ್ಪು ಬೆರೆಸಿದ ನೀರು ತುಂಬಿ, ಜೋರಾಗಿ ಕುಲುಕಿ ಎರಡು ಮೂರು ಗಂಟೆ ಬಿಡಿ. ಮರಳು ಕೆಳಗೆ ಕೂರುತ್ತದೆ, ಅದರ ಮೇಲೆ ಮಣ್ಣು ಒಂದು ಪದರವಾಗಿ ನಿಲ್ಲುತ್ತದೆ. ನಮ್ಮದರಲ್ಲಿ ಆ ಪದರ ಉಗುರಿನ ದಪ್ಪದಷ್ಟೂ ಇರಲಿಲ್ಲ.

ಲೆಕ್ಕ ಹೀಗೆ. 12 ಚದರ ಮೀಟರ್ ಜಾಗ, ಸರಾಸರಿ 34 ಮಿ.ಮೀ. ದಪ್ಪ, ಅಂದರೆ ಸುಮಾರು 410 ಲೀಟರ್ ಗಾರೆ. ಕಲಸಿ ತುಳಿದು ಗಟ್ಟಿ ಮಾಡಿದಾಗ ಕುಗ್ಗುತ್ತದೆ, ಆದ್ದರಿಂದ ಒಣ ಸಾಮಾನು ಅದಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ಬೇಕು. ಒಂದಕ್ಕೆ ನಾಲ್ಕರ ಮಿಶ್ರಣ ಅಂತ ಇಟ್ಟುಕೊಂಡೆವು. 50 ಕಿಲೋದ ಒಂದು ಚೀಲ ಸಿಮೆಂಟು 35 ಲೀಟರ್ ಬರುತ್ತದೆ. ಒಳಗಿನ ಅಳತೆ 40, 35, 25 ಸೆಂ.ಮೀ. ಇರುವ ಒಂದು ಮರದ ಪೆಟ್ಟಿಗೆ ಮಾಡಿಕೊಂಡರೆ ಅದೂ ಸರಿಯಾಗಿ 35 ಲೀಟರ್. ಹಾಗೆ 3 ಚೀಲ ಸಿಮೆಂಟಿಗೆ 12 ಪೆಟ್ಟಿಗೆ ಮರಳು. ಸಲಿಕೆ ಲೆಕ್ಕದಲ್ಲಿ ಅಳೆಯಬೇಡಿ. ಸಲಿಕೆಯಲ್ಲಿ ಮರಳು ರಾಶಿಯಾಗಿ ನಿಲ್ಲುತ್ತದೆ, ಸಿಮೆಂಟು ಜಾರಿ ಬೀಳುತ್ತದೆ. ಇನ್ನೊಂದು ವಿಷಯ, ಒದ್ದೆ ಮರಳು ಉಬ್ಬಿಕೊಳ್ಳುತ್ತದೆ. ನೂರಕ್ಕೆ ಐದರಷ್ಟು ತೇವ ಇದ್ದರೆ ಕಾಳುಗಳು ಒಂದನ್ನೊಂದು ದೂರ ತಳ್ಳಿಕೊಂಡು ಅದೇ ಮರಳು ಕಾಲು ಭಾಗದಷ್ಟು ಜಾಸ್ತಿ ಜಾಗ ತುಂಬಬಹುದು, ಅಂದರೆ ಪೆಟ್ಟಿಗೆ ತುಂಬಿದರೂ ಮರಳು ಕಡಿಮೆಯೇ ಹೋಗಿರುತ್ತದೆ. ಪೂರ್ತಿ ಒಣಗಿದ ಮರಳಿನಲ್ಲಿ ಈ ಉಬ್ಬು ಇರುವುದಿಲ್ಲ.

ಆಮೇಲೆ ನೀರು. ಒಂದು ಸಲಕ್ಕೆ ಅರ್ಧ ಚೀಲ ಸಿಮೆಂಟು, ಎರಡು ಪೆಟ್ಟಿಗೆ ಮರಳು ಕಲಸಿದೆವು. ಅದಕ್ಕೆ ಒಟ್ಟು ಬೇಕಾದ ನೀರು 11 ಲೀಟರ್ ಹತ್ತಿರ. ಆದರೆ ಅಷ್ಟು ಒದ್ದೆ ಮರಳಿನೊಳಗೆ ಆಗಲೇ ನಾಲ್ಕೈದು ಲೀಟರ್ ಅಡಗಿ ಕೂತಿರುತ್ತದೆ! ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲ ಕಲಸಿಗೆ ಪೂರ್ತಿ 11 ಲೀಟರ್ ಸುರಿದೆ. ಸುರಿಯುವಾಗಲೂ ಅದು ಒಣಗಿದಂತೆಯೇ ಕಾಣುತ್ತಿತ್ತು, ಎರಡು ಸಲ ಮಗುಚಿದ ಮೇಲೆ ಒಮ್ಮೆಲೇ ಸಡಿಲವಾಗಿ ಮೆತ್ತಗಾಯಿತು. ಆದದ್ದಾಗಲಿ ಅಂತ ಮೂಲೆಯಲ್ಲಿ ಹಾಕಿ ಮಟ್ಟಗೋಲು ಎಳೆದೆ. ಕೋಲಿನ ಹಿಂದೆ ಗಾರೆ ಮೆಲ್ಲಗೆ ಮತ್ತೆ ಕೂಡಿಕೊಂಡು ಹರಿಯುತ್ತಿತ್ತು, ಹಲಗೆಯಿಂದ ತಟ್ಟಿದರೆ ಮೇಲೆ ತೆಳ್ಳನೆ ಬೂದು ನೀರು ಏಳುತ್ತಿತ್ತು. ಆ ನೀರು ತನ್ನ ಜೊತೆ ಸಣ್ಣ ಸಿಮೆಂಟನ್ನೂ ಮೇಲೆ ತರುತ್ತದೆ, ಒಣಗಿದ ಮೇಲೆ ಉಗುರಿಗೆ ಪುಡಿಯಾಗುವ ಒಂದು ಪದರ ಉಳಿಯುತ್ತದೆ. ಎಲ್ಲವನ್ನೂ ಬಾಂಡ್ಲಿಗೆ ಕೆರೆದು ಹಾಕಿ ಹೊರಗೆ ಹಾಕಿದೆವು. ಬೇಸರವಾಯಿತು, ಆದರೆ ಆ ಮೂಲೆಯನ್ನು ಹಾಗೇ ಬಿಟ್ಟಿದ್ದರೆ ಈಗ ಅದರ ಬಗ್ಗೆ ಬೇರೆ ಥರ ಬರೆಯಬೇಕಾಗಿತ್ತು.

1918ರಲ್ಲಿ ಅಮೆರಿಕದ ಡಫ್ ಏಬ್ರಮ್ಸ್ ಎಂಬ ಸಂಶೋಧಕ ಬಹಳಷ್ಟು ಕಾಂಕ್ರೀಟ್ ಮಾದರಿಗಳನ್ನು ಪರೀಕ್ಷಿಸಿ ಒಂದು ಸಂಬಂಧ ಕಂಡುಹಿಡಿದ. ಸಿಮೆಂಟಿನ ತೂಕಕ್ಕೆ ನೀರಿನ ತೂಕ ಎಷ್ಟು ಪಾಲು ಅನ್ನುವುದರ ಮೇಲೆ ಗಟ್ಟಿತನ ನಿಂತಿದೆ, ಪಾಲು ಹೆಚ್ಚಿದಷ್ಟೂ ಗಟ್ಟಿತನ ಇಳಿಯುತ್ತದೆ. ಸಿಮೆಂಟು ಗಟ್ಟಿಯಾಗಲು ತನಗೆ ಬೇಕಾದಷ್ಟೇ ನೀರನ್ನು ಬಳಸಿಕೊಳ್ಳುತ್ತದೆ, ಉಳಿದ ನೀರು ಆವಿಯಾಗಿ ಹೋಗುತ್ತದೆ, ಅದು ಇದ್ದ ಜಾಗ ಸಣ್ಣ ಸಣ್ಣ ತೂತುಗಳಾಗಿ ಉಳಿದುಬಿಡುತ್ತದೆ. ಹಾಗಂತ ನೀರನ್ನು ಇಳಿಸುತ್ತಲೇ ಹೋಗುವಂತಿಲ್ಲ. ತೀರಾ ಒಣಗಿದ ಗಾರೆಯನ್ನು ಎಷ್ಟು ತಟ್ಟಿದರೂ ಕಾಳುಗಳು ಒತ್ತಾಗಿ ಕೂರುವುದಿಲ್ಲ. ಮೇಲೆ ಒಂದು ಗಟ್ಟಿ ಹೊಪ್ಪಳೆ, ಒಳಗೆ ಸಕ್ಕರೆಯಂತೆ ಉದುರುವ ಮರಳು, ಇಂಥ ನೆಲವನ್ನು ನೋಡಿದ್ದೇನೆ. ಮೊದಲ ಭಾರದ ಸಾಮಾನು ಇಟ್ಟಾಗ ಒಳಕ್ಕೆ ಕುಸಿಯುತ್ತದೆ.

ಸರಿಯಾದ ಹದ ಕೈಗೆ ಗೊತ್ತಾಗುತ್ತದೆ. ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಅದುಮಿ ಉಂಡೆ ಮಾಡಿ. ಮುಷ್ಟಿ ಬಿಚ್ಚಿದಾಗ ಉಂಡೆ ಹಾಗೇ ನಿಲ್ಲಬೇಕು, ಬೆರಳಿನ ಗುರುತುಗಳು ಅದರ ಮೇಲೆ ಉಳಿಯಬೇಕು. ಬೆರಳ ಸಂದಿಯಿಂದ ನೀರು ಇಳಿಯಬಾರದು, ಅಂಗೈ ಬರೀ ತೇವವಾಗಿರಬೇಕು. ಎರಡೂ ಕೈಯಲ್ಲಿ ಹಿಡಿದು ಮುರಿದರೆ ಎರಡೇ ತುಂಡಾಗಬೇಕು. ಪುಡಿಪುಡಿಯಾದರೆ ಇನ್ನು ಒಂದು ಚೊಂಬು ನೀರು. ಎರಡನೇ ಕಲಸಿಗೆ 6 ಲೀಟರ್ ಹಾಕಿ, ಉಳಿದದ್ದನ್ನು ಕೈಯಿಂದ ಚಿಮುಕಿಸುತ್ತಾ ಉಂಡೆ ನಿಲ್ಲುವಲ್ಲಿಗೆ ನಿಲ್ಲಿಸಿದೆವು. ತಮ್ಮ ಆ ಉಂಡೆಯನ್ನು ಕಿಟಕಿಯ ಮೇಲೆ ಇಟ್ಟ. ಈಗಲೂ ಅಲ್ಲೇ ಇದೆ, ಅವನ ನಾಲ್ಕು ಬೆರಳಿನ ಅಚ್ಚು ಸಮೇತ, ಕಲ್ಲಾಗಿದೆ.

ಈ ಗಾರೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಉಂಡೆ ಮಾಡುವಾಗಲೂ ಕೈಗವಸು ಇರಲಿ. ಹಸಿ ಸಿಮೆಂಟು ಬಲವಾದ ಕ್ಷಾರ, ಚರ್ಮವನ್ನು ಸುಡುತ್ತದೆ, ಅದೂ ನಿಧಾನವಾಗಿ, ನೋವು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಒದ್ದೆ ಗಾರೆಯಲ್ಲಿ ಮೊಣಕಾಲೂರಿ ಕೂತು ನನ್ನ ಪ್ಯಾಂಟು ನೆನೆದಿತ್ತು, ಕೆಲಸದ ಭರದಲ್ಲಿ ಗಮನಿಸಲಿಲ್ಲ. ಸಂಜೆ ನೋಡಿದರೆ ಮೊಣಕಾಲು ಕೆಂಪಗೆ ಬೆಂದಂತಾಗಿತ್ತು. ಬಟ್ಟೆ ನೆನೆದ ಕೂಡಲೇ ಬದಲಾಯಿಸಿ, ಧಾರಾಳ ನೀರಿನಲ್ಲಿ ತೊಳೆಯಿರಿ. ನೀರು ತಾಗದಂಥ ಮೊಣಕಾಲು ಪಟ್ಟಿ ಇಲ್ಲದೆ ಈ ಕೆಲಸಕ್ಕೆ ಕೂರಬಾರದು ಅಂತ ಈಗ ಹೇಳುತ್ತೇನೆ.

ಹಾಕುವ ಕ್ರಮ ಬಾಗಿಲಿಗೆ ಎದುರಿನ ಗೋಡೆಯಿಂದ ಶುರು. ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಬಾಗಿಲಿನಿಂದ ಹೊರಗೆ ಬರಬೇಕು. ಮೊದಲು ಗೋಡೆಯ ಗುಂಟ ಒಂದು ಅಂಗೈ ಅಗಲದ ಗಾರೆ ಪಟ್ಟಿ, ಅದರಿಂದ ಒಂದೂವರೆ ಮೀಟರ್ ಬಿಟ್ಟು ಇನ್ನೊಂದು. ಗೋಡೆಯ ಗೆರೆಯಿಂದ ಅಳೆದು ಈ ಪಟ್ಟಿಗಳನ್ನು ಸರಿಯಾದ ಎತ್ತರಕ್ಕೆ ತಟ್ಟಿ ಕೂರಿಸಬೇಕು. ಪಟ್ಟಿಗಳೇ ರೈಲು ಹಳಿ. ನಡುವೆ ಗಾರೆ ತುಂಬಿ, ಮಟ್ಟಗೋಲನ್ನು ಎರಡು ಹಳಿಯ ಮೇಲೂ ಊರಿ ಗರಗಸದ ಹಾಗೆ ಅತ್ತಿತ್ತ ಆಡಿಸುತ್ತಾ ಎಳೆದುಕೊಂಡರೆ ಜಾಸ್ತಿಯಾದದ್ದು ಮುಂದೆ ಬರುತ್ತದೆ, ತಗ್ಗು ಇದ್ದಲ್ಲಿ ಹಿಂದೆ ನೆರಳಿನಂತೆ ಒಂದು ಮಚ್ಚೆ ಉಳಿಯುತ್ತದೆ. ಮಚ್ಚೆ ಇದ್ದಲ್ಲಿ ಸ್ವಲ್ಪ ಉದುರಿಸಿ, ತಟ್ಟಿ, ಮತ್ತೆ ಎಳೆಯಬೇಕು. ಮರದ ಪಟ್ಟಿಗಳನ್ನು ಹಳಿ ಮಾಡಿಕೊಳ್ಳುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಮರ ನೆನೆದು ಉಬ್ಬುತ್ತದೆ, ಆಮೇಲೆ ಕಿತ್ತ ಜಾಗವನ್ನು ತುಂಬಬೇಕು, ಆ ತುಂಬಿದ ಜಾಗದ ಗುಂಟ ಎಷ್ಟೋ ಸಲ ಬಿರುಕು ಬರುತ್ತದೆ. ಹಸಿ ಗಾರೆಯ ಹಳಿ ಹಸಿ ಗಾರೆಯೊಳಗೇ ಸೇರಿಹೋಗುತ್ತದೆ.

ಎಳೆಯುವುದಕ್ಕೆ ಮೊದಲು ತಟ್ಟುವುದು ಮುಖ್ಯ. ಗಾರೆಯನ್ನು ಬೇಕಾದದ್ದಕ್ಕಿಂತ ಸುಮಾರು ಒಂದು ಸೆಂ.ಮೀ. ಎತ್ತರ ಹಾಕಿ, ಭಾರದ ಹಲಗೆಯಿಂದ ಇಂಚಿಂಚೂ ಬಡಿಯಬೇಕು. ಶಬ್ದ ಬದಲಾಗುತ್ತದೆ. ಮೊದಲು ಮೆತ್ತನೆಯ ‘ಪುಸ್’ ಅನ್ನುವ ಸದ್ದು, ಬಡಿಯುತ್ತಾ ಹೋದ ಹಾಗೆ ‘ಟಪ್’ ಅಂತ ಬಿಗಿಯಾಗುತ್ತದೆ. ಗೋಡೆಯ ಬುಡ ಮತ್ತು ಮೂಲೆಗಳಲ್ಲಿ ಹಲಗೆ ಸರಿಯಾಗಿ ಹೋಗುವುದಿಲ್ಲ, ಅಲ್ಲಿ ಮರದ ತುಂಡು ಹಿಡಿದು ಕುಟ್ಟಬೇಕು. ಒಂದಷ್ಟು ಜಾಗ ಮುಗಿದ ಮೇಲೆ ಅಗಲವಾದ ಎರಡು ಪ್ಲೈವುಡ್ ತುಂಡುಗಳ ಮೇಲೆ ಮೊಣಕಾಲೂರಿ, ಮರದ ಹಲಗೆಯಿಂದ ವೃತ್ತ ವೃತ್ತವಾಗಿ ಉಜ್ಜಿ ಮೇಲ್ಮೈ ಮುಚ್ಚಬೇಕು. ಮೇಲೆ ಒಣ ಸಿಮೆಂಟ್ ಉದುರಿಸಿ ನುಣುಪು ಮಾಡುವ ಆಸೆ ಬರುತ್ತದೆ. ಟೈಲ್ಸ್ ಅಥವಾ ಬೇರೆ ಏನಾದರೂ ಹಾಸುವ ನೆಲಕ್ಕೆ ಅದು ಬೇಡವೇ ಬೇಡ. ಆ ಸಿಮೆಂಟಿನ ಪದರ ಕೆಳಗಿನ ಗಾರೆಗಿಂತ ಜಾಸ್ತಿ ಕುಗ್ಗಿ ಜೇಡರ ಬಲೆಯಂಥ ಬಿರುಕು ಬಿಡುತ್ತದೆ.

ಪ್ರತಿ ಸಲ ಗಾರೆ ಹಾಕುವ ಮುಂಚೆ ಆ ಜಾಗಕ್ಕೆ ಮಾತ್ರ ಸಿಮೆಂಟ್ ಹಾಲು ಬಳಿಯಬೇಕು, ಅಂದರೆ ಸಿಮೆಂಟನ್ನು ನೀರಿನಲ್ಲಿ ಕದಡಿ ಪೇಂಟಿನಷ್ಟು ಮಂದ ಮಾಡಿಕೊಂಡದ್ದು. ಪೊರಕೆಯಿಂದ ಒರಟು ನೆಲಕ್ಕೆ ಚೆನ್ನಾಗಿ ತಿಕ್ಕಿ, ಅದು ಇನ್ನೂ ಹಸಿಯಾಗಿ ಹೊಳೆಯುತ್ತಿರುವಾಗಲೇ ಗಾರೆ ಬೀಳಬೇಕು. ಅದು ಒಣಗಿದರೆ ಅಂಟಾಗುವ ಬದಲು ನಡುವೆ ಒಂದು ಹಾಳೆಯಂತೆ ಕೂತು ಎರಡನ್ನೂ ಬೇರೆ ಮಾಡುತ್ತದೆ. ಇದನ್ನು ಚೆನ್ನಾಗಿ ತಿಳಿದೇ ಇದ್ದೆ. ಆದರೂ ಬಾಗಿಲ ಹತ್ತಿರ ಬಂದಾಗ ಹಾಲು ಬಳಿದು, ಕೊನೆಯ ಕಲಸು ಇನ್ನೂ ಆಗಿಲ್ಲ ಅಂತ ತಮ್ಮನಿಗೆ ಕೈ ಜೋಡಿಸಲು ಹೊರಗೆ ಹೋದೆ. ಇಪ್ಪತ್ತು ನಿಮಿಷ ಆಗಿರಬೇಕು. ವಾಪಸ್ ಬಂದಾಗ ಅದು ಬಿಳಿಚಿಕೊಂಡಿತ್ತು. ಬೆಳಕು ಹೋಗುತ್ತಿತ್ತು, ಕೈಗಳು ಸೋತಿದ್ದವು, ಅದರ ಮೇಲೇ ಹಾಕಿದೆ.

ಹಾಕಿ ಮುಗಿಸಿದ ಮೇಲೆ ಗಾರೆಯನ್ನು ಒಣಗಲು ಬಿಡಬೇಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ. ನೀರಿನ ಜೊತೆ ಕೂಡಿ ಬೇರೆಯೇ ವಸ್ತುವಾಗುತ್ತದೆ, ನೀರಿನ ಅಡಿಯಲ್ಲಿಟ್ಟರೂ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಜಾನ್ ಸ್ಮೀಟನ್ ಸಮುದ್ರದ ನಡುವಿನ ಬಂಡೆಯ ಮೇಲೆ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟುವಾಗ ಹುಡುಕಿದ್ದು ಇಂಥ ಗಾರೆಯನ್ನೇ. ಜೇಡಿ ಬೆರೆತ ಸುಣ್ಣದಕಲ್ಲನ್ನು ಸುಟ್ಟ ಸುಣ್ಣ ನೀರಿನೊಳಗೂ ಗಟ್ಟಿಯಾಗುತ್ತದೆ ಅಂತ ಅವನು ಕಂಡುಕೊಂಡ, 1759ರಲ್ಲಿ ದೀಪಸ್ತಂಭ ಮುಗಿಯಿತು. ನಮ್ಮ ನೆಲಕ್ಕೆ ಬಂದರೆ, ಮೊದಲ ವಾರ ಒಳಗಿನ ನೀರು ಒಳಗೇ ಇರಬೇಕು. ಮಾರನೇ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳ ಮೇಲೆ ಭಾರ ಇಟ್ಟು, ಕಿಟಕಿ ಮುಚ್ಚಿ ಏಳು ದಿನ ಬಿಟ್ಟೆವು. ಫ್ಯಾನ್ ಹಾಕುವುದು, ಬಿಸಿಲು ಬೀಳಲು ಬಿಡುವುದು ದೊಡ್ಡ ತಪ್ಪು. ಮೇಲ್ಭಾಗ ಬೇಗ ಒಣಗಿ ಕುಗ್ಗುತ್ತದೆ, ಕೆಳಭಾಗ ಹಸಿಯಾಗಿ ಹಾಗೇ ಇರುತ್ತದೆ, ಆಗ ಅಂಚುಗಳು ಒಣ ಎಲೆಯ ಹಾಗೆ ಮೇಲಕ್ಕೆ ಸುರುಳಿಕೊಳ್ಳುತ್ತವೆ.

ಎಂಟನೇ ದಿನ ಹಾಳೆ ತೆಗೆದು, ಮರದ ತುಂಡು ಹಿಡಿದು ಇಡೀ ನೆಲವನ್ನು ಗೇಣು ಗೇಣಿಗೂ ತಟ್ಟಿ ನೋಡಿದೆವು. ಎಲ್ಲ ಕಡೆ ಕಲ್ಲಿನ ಸದ್ದು. ಬಾಗಿಲ ಹತ್ತಿರ ಬಂದಾಗ ಸದ್ದು ಬದಲಾಯಿತು, ಮುಚ್ಚಿದ ಡಬ್ಬಿಯ ಮೇಲೆ ಬಡಿದ ಹಾಗೆ. ತಮ್ಮ ನನ್ನ ಮುಖ ನೋಡಿದ. “ಇಲ್ಲಿ ಟೊಳ್ಳು ಅಣ್ಣಾ” ಅಂದ. ಹೆಚ್ಚುಕಡಿಮೆ ಮೊಳದುದ್ದ, ಮೊಳದಗಲ. ಹಾಲು ಒಣಗಿದ್ದ ಅದೇ ಜಾಗ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಒಡೆಯಲೇಬೇಕು ಅಂತಿಲ್ಲ, ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಓಡಾಟ ಕಡಿಮೆ ಇರುವ ಮೂಲೆಯಲ್ಲಿ ಬಿಡಬಹುದು. ಬಾಗಿಲಲ್ಲಿ ಬಿಡುವಂತಿಲ್ಲ, ಎಲ್ಲರ ಕಾಲೂ ಅಲ್ಲೇ ಬೀಳುತ್ತದೆ. ಚೌಕವಾಗಿ ಕತ್ತರಿಸಿ ಕೆಳಗೆ ಉಳಿ ಹೊಡೆದೆ. ಇಡೀ ತುಂಡು ಬಿಲ್ಲೆಯ ಹಾಗೆ ಮೇಲಕ್ಕೆ ಬಂತು. ಅದರ ತಳಭಾಗ ಬಿಳಿಯಾಗಿ ನುಣ್ಣಗಿತ್ತು, ಒಣಗಿದ ಹಾಲಿನ ಪದರ ಪೂರ್ತಿ ಅದಕ್ಕೇ ಅಂಟಿಕೊಂಡು ಬಂದಿತ್ತು. ಮತ್ತೆ ಒರಟು ಮಾಡಿ, ನೆನೆಸಿ, ಹಾಲು ಬಳಿದ ಕೂಡಲೇ ಗಾರೆ ತುಂಬಿದೆವು. ಈಗ ಅಲ್ಲೂ ಕಲ್ಲಿನ ಸದ್ದೇ ಬರುತ್ತದೆ.

2 ಮೀಟರ್ ಪಟ್ಟಿ ಇಟ್ಟು, ಅದರ ಹಿಂದೆ ಟಾರ್ಚ್ ಹಿಡಿದು ನೋಡಿದೆ. ಸಂದು ಇದ್ದಲ್ಲಿ ಬೆಳಕು ತೂರಿ ಬರುತ್ತದೆ. ಹೆಚ್ಚಿನ ಕಡೆ 2 ಮಿ.ಮೀ., ಕಿಟಕಿಯ ಕೆಳಗೆ ಒಂದು ಕಡೆ 4. ಗೆರೆಯಿಂದ ಕೆಳಕ್ಕೆ ಅಳೆದರೆ ನಾಲ್ಕು ಮೂಲೆಗಳ ನಡುವೆ 3 ಮಿ.ಮೀ. ವ್ಯತ್ಯಾಸ. ಮೊದಲು 12 ಇತ್ತು. ಆ ರಾತ್ರಿ ನಾವಿಬ್ಬರೂ ಬರಿಗಾಲಲ್ಲಿ ಆ ಕೋಣೆಯಲ್ಲಿ ಸುಮಾರು ಹೊತ್ತು ಸುಮ್ನೆ ನಡೆದಾಡಿದೆವು.

ಈಗ ಕಾಯುವ ಕೆಲಸ. ಒಳ್ಳೆಯ ಗಾಳಿ, ಒಣ ಹವೆ ಇದ್ದರೆ 50 ಮಿ.ಮೀ. ದಪ್ಪದವರೆಗೆ ದಿನಕ್ಕೆ 1 ಮಿ.ಮೀ. ಅಂತ ಒಣಗುವ ಲೆಕ್ಕ, ಅದಕ್ಕಿಂತ ದಪ್ಪವಾದರೆ ಇನ್ನೂ ನಿಧಾನ. ನಮ್ಮ ದಪ್ಪನೆಯ ಮೂಲೆ 40 ಮಿ.ಮೀ., ಹಾಳೆ ತೆಗೆದ ದಿನದಿಂದ ಲೆಕ್ಕ ಹಾಕಬೇಕು. ಮೇಲಿನಿಂದ ನೋಡಿದರೆ ನೆಲ ಎರಡೇ ವಾರಕ್ಕೆ ಬೆಳ್ಳಗಾಗಿ ಒಣಗಿದಂತೆ ಕಂಡಿತ್ತು. ಮೇಲೆ ಮರದ ಹಾಸು ಹಾಕುವ ಯೋಚನೆ ಇರುವುದರಿಂದ ಆ ಬಣ್ಣವನ್ನು ನಂಬಲಿಲ್ಲ. ಒಳಗೆ ತೇವ ಉಳಿದಿದ್ದರೆ ಮರ ಅದನ್ನು ಕುಡಿದು ಉಬ್ಬಿ ಏಳುತ್ತದೆ.

ಇವತ್ತಿಗೆ ಹಾಳೆ ತೆಗೆದು 43 ದಿನ. ಮೊನ್ನೆ ರಾತ್ರಿ ಎರಡು ಕಡೆ ಒಂದೊಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪ್ ಹಾಕಿ ನೆಲಕ್ಕೆ ಅಂಟಿಸಿದ್ದೆವು, ಒಂದು ತೆಳುವಾದ ಕಡೆ, ಇನ್ನೊಂದು ಆ ದಪ್ಪನೆಯ ಮೂಲೆಯಲ್ಲಿ. ಬೆಳಿಗ್ಗೆ ಮೊದಲನೆಯದು ಒಣಗಿಯೇ ಇತ್ತು. ಮೂಲೆಯ ಹಾಳೆಯ ಒಳಗೆ ಮಂಜು ಕವಿದಂತೆ ಸಣ್ಣ ಸಣ್ಣ ಹನಿಗಳು, ಅದನ್ನು ಎತ್ತಿದಾಗ ಕೆಳಗಿನ ನೆಲ ಸುತ್ತಲಿನದಕ್ಕಿಂತ ಒಂದು ಚೂರು ಕಪ್ಪಗಿತ್ತು. ಕಿಟಕಿ ತೆಗೆದಿಟ್ಟಿದ್ದೇವೆ. ಮುಂದಿನ ವಾರ ಅದೇ ಮೂಲೆಗೆ ಮತ್ತೆ ಹಾಳೆ ಅಂಟಿಸಿ ನೋಡಬೇಕು.